ಸಂಗೀತಕ್ಕೆ ಧರ್ಮವಿಲ್ಲವಂತೆ!

ಈ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ. ಯಾವ ಕಚೇರಿ, ಯಾವ ಹಾಡಿನ ಬಗ್ಗೆ ಬರೆದರೂ ಕೊನೆಯಲ್ಲಿ ಈ ಸಾಲು ಬಂದೇ ಬರುತ್ತೆ. ಹೇಳೋದಕ್ಕೆ ಹಿತ, ಖರ್ಚಂತೂ ಇಲ್ಲವೇ ಇಲ್ಲ. ಇದನ್ನ ಒಮ್ಮೆ ವಿಲಿಯಂ ಬರ್ಡ್ ಮುಂದೆ ಇಟ್ಟು ನೋಡೋಣ ಬನ್ನಿ.

ಬರ್ಡ್ ಹುಟ್ಟಿದ್ದು ಸುಮಾರು 1540ರಲ್ಲಿ. 1563ರಲ್ಲಿ ಲಿಂಕನ್ ಕೆಥೀಡ್ರಲ್‌ನಲ್ಲಿ ಆರ್ಗನ್ ವಾದಕ, 1572ರ ಹೊತ್ತಿಗೆ ಎಲಿಜಬೆತ್ ರಾಣಿಯ ಚಾಪೆಲ್ ರಾಯಲ್‌ನಲ್ಲಿ ಕೆಲಸ. 1575ರಲ್ಲಿ ರಾಣಿ ಇವನಿಗೂ ಇವನ ಹಿರಿಯ ಥಾಮಸ್ ಟ್ಯಾಲಿಸ್‌ಗೂ ಸೇರಿಸಿ ಸಂಗೀತ ಅಚ್ಚು ಹಾಕುವ ಹಕ್ಕನ್ನ 21 ವರ್ಷಕ್ಕೆ ಬರೆದುಕೊಟ್ಟಳು. ಇಷ್ಟೆಲ್ಲ ಪಡೆದವನು ಕ್ಯಾಥೊಲಿಕ್. ಆಗಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರ ಮಾಸ್, ಅಂದರೆ ಬಲಿಪೂಜೆ, ಕಾನೂನಿಗೆ ವಿರುದ್ಧ. 1581ರ ಕಾಯ್ದೆಯ ಪ್ರಕಾರ ಸರ್ಕಾರಿ ಚರ್ಚಿಗೆ ಹೋಗದಿದ್ದರೆ ತಿಂಗಳಿಗೆ 20 ಪೌಂಡು ದಂಡ!

ಅಂಥ ಕಾಲದಲ್ಲಿ, 1592ರಿಂದ 1595ರ ನಡುವೆ, ಬರ್ಡ್ ಮೂರು ಮಾಸ್‌ಗಳನ್ನ ಅಚ್ಚು ಹಾಕಿಸಿದ. ಮುಖಪುಟವಿಲ್ಲ, ಇಸವಿಯಿಲ್ಲ, ಅಚ್ಚು ಹಾಕಿದವನ ಹೆಸರಿಲ್ಲ. ಪುಟಗಳ ಮೇಲೆ ತನ್ನ ಹೆಸರನ್ನ ಮಾತ್ರ ಬಿಡಲಿಲ್ಲ ನೋಡಿ! 1605ರಲ್ಲಿ ಅವನ 'ಗ್ರಾಜುವಾಲಿಯ' ಇಟ್ಟುಕೊಂಡಿದ್ದಕ್ಕೆ ಲಂಡನ್ನಿನಲ್ಲಿ ಒಬ್ಬ ಫ್ರೆಂಚ್ ಪ್ರಯಾಣಿಕ ಜೈಲು ಸೇರಿದ. ಅದು ಬಾಂಬಲ್ಲ ಸ್ವಾಮಿ, ಹಾಡಿನ ಪುಸ್ತಕ. ಧರ್ಮವೇ ಇಲ್ಲದ ಸಂಗೀತಕ್ಕೆ ಪೊಲೀಸರ ಕೆಲಸವೇನು?

"ಅವನೇ ಆಂಗ್ಲಿಕನ್ ಚರ್ಚಿಗೂ ಬರೆದಿದ್ದಾನಲ್ಲ" ಅಂತೀರಿ. ನಿಜ, ಬರೆದಿದ್ದಾನೆ. ಆದರೆ ಲೆಕ್ಕ ನೋಡಿ. ಚರ್ಚಿಗೆ ಬರೆದ 'ಗ್ರೇಟ್ ಸರ್ವಿಸ್' ಹತ್ತು ಧ್ವನಿಗಳವರೆಗೂ ಹರಡಿಕೊಳ್ಳುತ್ತೆ. ದೊಡ್ಡ ಗಾಯಕವೃಂದ ಬೇಕು. ಮಾಸ್‌ಗಳು ಮೂರು, ನಾಲ್ಕು, ಐದು ಧ್ವನಿಗೆ ಮುಗೀತು. ಬಾಗಿಲು ಹಾಕಿಕೊಂಡು ಒಂದು ಕೋಣೆಯಲ್ಲಿ ಹಾಡಬಹುದಾದಷ್ಟು. ಬರೆದ ಕೈ ಒಂದೇ, ಹಾಡುವ ಜಾಗ ಬೇರೆ.

"ಈಗ ಅವೇ ಮಾಸ್‌ಗಳನ್ನ ಆಂಗ್ಲಿಕನ್ ಕೆಥೀಡ್ರಲ್‌ಗಳಲ್ಲೇ ಹಾಡ್ತಾರಲ್ಲ" ಅಂತಲೂ ಅಂತೀರಿ. ಹಾಡ್ತಾರೆ, ಯಾಕಂದ್ರೆ ಕಾನೂನು ಬದಲಾಯಿತು. ಇಂಗ್ಲೆಂಡಿನಲ್ಲಿ ಮಾಸ್‌ಗೆ ಕಾನೂನಿನ ಅನುಮತಿ ಸಿಕ್ಕಿದ್ದು 1791ರಲ್ಲಿ, ಬರ್ಡ್ ಸತ್ತು (1623) 168 ವರ್ಷದ ಮೇಲೆ. ಸಂಗೀತ ಧರ್ಮ ಬಿಡಲಿಲ್ಲ, ಸರ್ಕಾರ ದಂಡ ಬಿಟ್ಟಿತು.

ಹಾಗೆ ನೋಡಿದರೆ "ಸಂಗೀತಕ್ಕೆ ಧರ್ಮವಿಲ್ಲ" ಅನ್ನೋದು ಎಲಿಜಬೆತ್ ರಾಣಿಗೆ ಚೆನ್ನಾಗಿ ಒಪ್ಪುವ ಮಾತು. ಅವಳಿಗೆ ಬರ್ಡ್‌ನ ಸಂಗೀತ ಬೇಕು, ಅವನ ಪೂಜೆ ಬೇಡ. ಅವನನ್ನ ಕಾಪಾಡಿದಳು, ಅವನ ಜೊತೆಯವರಿಂದ ದಂಡ ವಸೂಲಿ ಮಾಡಿದಳು. ಕುಳಿತು ಕೇಳುವವರು ಏನೂ ತೆರಬೇಕಿಲ್ಲ. ಅದಕ್ಕೇ ಈ ಮಾತು ಅವರ ಬಾಯಲ್ಲಿ ಅಷ್ಟು ಸಲೀಸು. ಹಾಡಿ ಸಿಕ್ಕಿಬೀಳುವವನ ಬಾಯಲ್ಲಿ ಬರೋದಿಲ್ಲ.

ಕ್ಯಾಥೊಲಿಕರಲ್ಲದವರೂ ಬರ್ಡ್‌ನನ್ನ ಪ್ರೀತಿಯಿಂದ ಕೇಳಬಹುದು, ಕೇಳಬೇಕು. ಆದರೆ ಅವನ ನಂಬಿಕೆಯನ್ನ ತೊಳೆದು, ಒಣಗಿಸಿ, ಆಮೇಲೆ ಕೇಳೋದು ಬೇಡ. ಇನ್ನೊಬ್ಬರ ಧರ್ಮವನ್ನ ಅವರ ಧರ್ಮ ಅಂತಲೇ ಒಪ್ಪಿಕೊಂಡು ಕಿವಿಗೊಡೋದು ಅಷ್ಟು ಕಷ್ಟವೇ?

ಒಪ್ಪದವರು ಜಗಳಕ್ಕೆ ಬನ್ನಿ :-) ಅದಕ್ಕೆ ಮುಂಚೆ ನಾಲ್ಕು ಧ್ವನಿಯ ಮಾಸ್‌ನ ಕೊನೆಯ ಭಾಗ ಕೇಳಿ. ಶಾಂತಿ ಬೇಡುವಾಗ ಆ ನಾಲ್ಕು ಧ್ವನಿಗಳು ಒಂದಕ್ಕೊಂದು ತಾಕಿ ಹೇಗೆ ನೋಯುತ್ತವೆ ಅಂತ ಕೇಳಿಸಿಕೊಂಡು, ಆಮೇಲೆ ಬರೆಯಿರಿ.