ಮೂಗಿನ ಸಂಶೋಧನೆಯೂ ಆನೆಯ ಚರ್ಮದ ಲೆಕ್ಕವೂ

ವಿಜ್ಞಾನವೆಂದರೆ ಗಂಭೀರ ವಿಷಯ, ವಿಜ್ಞಾನಿಯೆಂದರೆ ನಗಲರಿಯದ ಮನುಷ್ಯ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆಯ ಬುಡ ಅಲುಗಿಸುವ ಬಹುಮಾನವೊಂದು ಅಮೆರಿಕದಲ್ಲಿದೆ. ಮಾರ್ಕ್ ಅಬ್ರಹಾಮ್ಸ್ ಎಂಬ ಸಂಪಾದಕರು 1991ರಲ್ಲಿ ಆರಂಭಿಸಿದ ಇದರ ಹೆಸರು ಇಗ್ ನೊಬೆಲ್. ಇಂಗ್ಲಿಷಿನಲ್ಲಿ ಇಗ್ನೋಬಲ್ ಎಂದರೆ ಹೀನವಾದದ್ದು. ಆ ಶಬ್ದವನ್ನು ನೊಬೆಲ್ ಹೆಸರಿಗೆ ಗಂಟು ಹಾಕಿದ ಚೇಷ್ಟೆ ಇದು. ಮೊದಲು ನಗಿಸಬೇಕು, ಅನಂತರ ಯೋಚಿಸುವಂತೆ ಮಾಡಬೇಕು. ಬಹುಮಾನಕ್ಕೆ ಬೇಕಾದ ಅರ್ಹತೆ ಇಷ್ಟೇ.

ಸಮಾರಂಭದ ಸೊಗಸನ್ನೂ ಹೇಳಬೇಕು. ಬಹುಕಾಲ ಇದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ನಡೆಯಿತು. ಬಹುಮಾನ ವಿತರಿಸುವವರು ನಿಜವಾದ ನೊಬೆಲ್ ಪುರಸ್ಕೃತರು. ಸಭಿಕರು ವೇದಿಕೆಯತ್ತ ಕಾಗದದ ವಿಮಾನಗಳನ್ನು ತೂರುತ್ತಾರೆ. ಭಾಷಣ ಉದ್ದವಾದರೆ ಎಂಟು ವರ್ಷದ ಬಾಲಕಿಯೊಬ್ಬಳು ಮುಂದೆ ಬಂದು, ಸಾಕು ಮಾಡಿ, ನನಗೆ ಬೇಸರ ಬರುತ್ತಿದೆ ಎಂದು ಹೇಳುತ್ತಲೇ ಇರುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. (ನಮ್ಮ ಶಾಲಾ ವಾರ್ಷಿಕೋತ್ಸವಗಳಿಗೂ ಇಂಥ ಒಬ್ಬ ಬಾಲಕಿಯ ಅಗತ್ಯವಿದೆ ಎಂದರೆ ಗಣ್ಯರು ಮುನಿಸಿಕೊಳ್ಳಬಾರದು.) ಬಿದ್ದ ಕಾಗದಗಳನ್ನು ವರ್ಷ ವರ್ಷವೂ ಪೊರಕೆ ಹಿಡಿದು ಗುಡಿಸುತ್ತಿದ್ದವರು ಹಾರ್ವರ್ಡಿನ ಭೌತವಿಜ್ಞಾನ ಪ್ರಾಧ್ಯಾಪಕ ರಾಯ್ ಗ್ಲಾಬರ್. ಅವರಿಗೆ 2005ರಲ್ಲಿ ನಿಜವಾದ ನೊಬೆಲ್ ಬಂತು.

ಪ್ರತಿ ವರ್ಷ ಈ ಸುದ್ದಿ ಪತ್ರಿಕೆಗಳ ಮೂಲೆಯಲ್ಲಿ ಚೌಕಟ್ಟಿನೊಳಗೆ ಬರುತ್ತದೆ. ಓದಿದವರು, ಇವರಿಗೆ ಬೇರೆ ಕಸುಬಿಲ್ಲವೇ ಎಂದು ನಕ್ಕು ಹಾಳೆ ತಿರುಗಿಸುತ್ತಾರೆ. ನನ್ನ ತಕರಾರು ಆ ನಗುವಿನ ಬಗ್ಗೆ ಅಲ್ಲ, ಹಾಳೆ ತಿರುಗಿಸುವುದರ ಬಗ್ಗೆ.

2001ರಲ್ಲಿ ಈ ಬಹುಮಾನ ಬೆಂಗಳೂರಿಗೆ ಬಂತು. ನಿಮ್ಹಾನ್ಸ್ ಸಂಸ್ಥೆಯ ಡಾ. ಚಿತ್ತರಂಜನ್ ಅಂದ್ರಾದೆ ಮತ್ತು ಡಾ. ಬಿ.ಎಸ್. ಶ್ರೀಹರಿ ಅವರು ಬೆಂಗಳೂರಿನ ನಾಲ್ಕು ಶಾಲೆಗಳ 200 ಮಂದಿ ಹದಿಹರೆಯದವರನ್ನು ಕೇಳಿ ತಿಳಿದದ್ದು, ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸದ ವಿಷಯ. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ದಿನಕ್ಕೆ ನಾಲ್ಕು ಸಲ ಎಂಬುದು ನಡುಮಟ್ಟದ ಲೆಕ್ಕ. ಬಹುಮಾನ ಸ್ವೀಕರಿಸುತ್ತ ಅಂದ್ರಾದೆಯವರು, ಕೆಲವರು ಇನ್ನೊಬ್ಬರ ವ್ಯವಹಾರದಲ್ಲಿ ಮೂಗು ತೂರಿಸುತ್ತಾರೆ, ನಾನು ಇನ್ನೊಬ್ಬರ ಮೂಗಿನಲ್ಲಿ ನನ್ನ ವ್ಯವಹಾರ ತೂರಿಸಿದೆ ಎಂಬರ್ಥದ ಮಾತಾಡಿದರಂತೆ. ನಗೋಣ. ಆದರೆ ಅದೇ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದರಿಂದ ಮೂಗಿನಲ್ಲಿ ರಕ್ತ ಬರುತ್ತಿತ್ತು. ನೂರಕ್ಕೆ ಸುಮಾರು 17 ಮಂದಿ ಇದು ತಮಗೊಂದು ಗಂಭೀರ ತೊಂದರೆಯೆಂದೇ ತಿಳಿದಿದ್ದರು. ಯಾರೂ ಕೇಳದಿದ್ದ ಕಾರಣ ಆ ಮಕ್ಕಳು ಯಾರೊಡನೆಯೂ ಹೇಳಿರಲಿಲ್ಲವೋ ಏನೋ.

ಮರುವರ್ಷ, ಅಂದರೆ 2002ರಲ್ಲಿ, ಗಣಿತದ ಇಗ್ ನೊಬೆಲ್ ನಮ್ಮ ಕೇರಳಕ್ಕೇ ಬಂತು. ಕೇರಳ ಕೃಷಿ ವಿಶ್ವವಿದ್ಯಾನಿಲಯದ ಕೆ.ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್ ಅವರು ಆನೆಯ ಮೈಚರ್ಮದ ಒಟ್ಟು ವಿಸ್ತೀರ್ಣ ಎಷ್ಟೆಂದು ಲೆಕ್ಕ ಹಾಕುವ ಸೂತ್ರವನ್ನು 1990ರಲ್ಲಿ ಪ್ರಕಟಿಸಿದ್ದರು. ಬಹುಮಾನ ಘೋಷಣೆಯಾಗುವಾಗ ನಿರ್ಮಲನ್ ಬದುಕಿರಲಿಲ್ಲ. ಆನೆಗೆ ಅಂಗಿ ಹೊಲಿಸುವುದಕ್ಕೋ ಎಂದು ಕೇಳುವವರಿದ್ದಾರೆ. ಆನೆಯ ಮೈ ಅಗಾಧ; ಆ ಗಾತ್ರಕ್ಕೆ ಹೋಲಿಸಿದರೆ ಚರ್ಮ ಕಡಿಮೆ. ಒಳಗಿನ ಬಿಸಿ ಹೊರಹೋಗಲು ಚರ್ಮವೇ ಮುಖ್ಯ ದಾರಿ. ಹಾಗಿರುವಾಗ ಚರ್ಮ ಎಷ್ಟಿದೆಯೆಂದು ತಿಳಿಯದೆ ಆನೆಗೆ ಬಿಸಿಲು ಎಷ್ಟು ತಾಳುತ್ತದೆಂದು ಯಾರು ಹೇಳಬಲ್ಲರು? ಮೇಡ ಮಾಸದ ಉರಿಬಿಸಿಲಿನಲ್ಲಿ ಪೂರಂ ಆನೆಗಳನ್ನು ಸಾಲು ನಿಲ್ಲಿಸುವ ನಾಡಿನಲ್ಲಿ ಇದು ತಮಾಷೆಯ ಪ್ರಶ್ನೆಯೇನೂ ಅಲ್ಲ. ಅಷ್ಟು ದೊಡ್ಡ ಪ್ರಾಣಿಯ ಮೈಯೆಲ್ಲ ಅಳೆಯುವ ಪಾಡು ಬೇಡವೆಂದು ಅವರು ಭುಜದ ಎತ್ತರ ಮತ್ತು ಮುಂಗಾಲ ಪಾದದ ಸುತ್ತಳತೆ, ಈ ಎರಡರಿಂದಲೇ ಲೆಕ್ಕ ಸಿಗುವಂತೆ ಮಾಡಿದರು. ಮುಂಗಾಲ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ ಎಂಬುದು ಮಾವುತರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ.

ಹಾಲೆಂಡಿನಲ್ಲಿ ಆಂದ್ರೆ ಗೈಮ್ ಎಂಬವರು ಬಲವಾದ ಆಯಸ್ಕಾಂತದ ಮೇಲೆ ಜೀವಂತ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿದರು. ಆಯಸ್ಕಾಂತ ನೀರನ್ನು ಅತಿ ಮೆಲ್ಲಗೆ ದೂರ ತಳ್ಳುತ್ತದೆ. ಕಪ್ಪೆಯ ಮೈಯಲ್ಲಿ ಹೆಚ್ಚಿನ ಪಾಲು ನೀರು. ಇದಕ್ಕೆ ಮೈಕೆಲ್ ಬೆರಿ ಅವರ ಜತೆ 2000ದ ಇಗ್ ನೊಬೆಲ್ ಬಂತು. ಮುಂದೆ ಇದೇ ಗೈಮ್ ಗ್ರಾಫೈಟಿಗೆ ಅಂಟುಪಟ್ಟಿ ಹಚ್ಚಿ ಸುಲಿಯುತ್ತ ಹೋಗಿ ಗ್ರಾಫೀನ್ ಎಂಬ ಒಂದೇ ಪರಮಾಣುವಿನಷ್ಟು ತೆಳ್ಳಗಿನ ಹಾಳೆಯನ್ನು ಪಡೆದರು. 2010ರ ನೊಬೆಲನ್ನು ಅವರೂ ನೊವೊಸೆಲೊವ್ ಅವರೂ ಹಂಚಿಕೊಂಡರು. ಎರಡು ಪ್ರಯೋಗಗಳ ಹಿಂದೆ ಇದ್ದದ್ದು ಒಂದೇ ಬುದ್ಧಿ: ಮಾಡಿ ನೋಡಿದರೆ ಏನಾಗುತ್ತದೆ?

ನಗುವುದರಲ್ಲೂ ಬೇರೆ ಬಗೆಯುಂಟು. ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಿಂದ 1988ರ ತನಕ, ಸರಕಾರದ ದುಡ್ಡು ಪೋಲಾಗುತ್ತಿದೆಯೆಂದು ತಮಗೆ ತೋರಿದ ಕೆಲಸಗಳಿಗೆ ತಿಂಗಳು ತಿಂಗಳು ಛೀಮಾರಿಯ ಬಹುಮಾನ ಸಾರುತ್ತಿದ್ದರು. ಮಂಗಗಳು ಸಿಟ್ಟಿನಲ್ಲಿ ದವಡೆ ಬಿಗಿಯುವುದನ್ನು ಅಭ್ಯಸಿಸಿದ ರೊನಾಲ್ಡ್ ಹಚಿನ್ಸನ್ ಎಂಬ ವಿಜ್ಞಾನಿಯೂ ಗುರಿಯಾದರು. ಇಕ್ಕಟ್ಟಿನ ಜಾಗದಲ್ಲಿ ದೀರ್ಘಕಾಲ ಕಳೆಯುವ ಅಂತರಿಕ್ಷಯಾನಿಗಳ ಮತ್ತು ನಾವಿಕರ ಹಿತಕ್ಕೆ ಬೇಕಾದ ಅಧ್ಯಯನ ಅದಾಗಿತ್ತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಪತ್ರಿಕಾ ಹೇಳಿಕೆಗಳಿಗೆ ಸೆನೆಟರನ ವಿಶೇಷ ರಕ್ಷಣೆಯಿಲ್ಲವೆಂದು 1979ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೊನೆಗೆ ಸೆನೆಟರರು 10,000 ಡಾಲರ್ ತೆತ್ತು ಕ್ಷಮೆ ಕೇಳಿದರು. ಇಗ್ ನೊಬೆಲಿನವರಾದರೋ, ಬೇಡವೆಂದವರಿಗೆ ಗುಟ್ಟಾಗಿ ನಿರಾಕರಿಸುವ ಅವಕಾಶವನ್ನು ಮೊದಲೇ ಕೊಡುತ್ತಾರೆ. ವ್ಯತ್ಯಾಸ ಇಲ್ಲಿದೆ.

ಪ್ರಾಕ್ಸ್‌ಮೈರ್ ಮಹಾಶಯರ ನಗು ನಮ್ಮಲ್ಲೂ ಇಲ್ಲದಿಲ್ಲ. ಮಗು ವಿಚಿತ್ರ ಪ್ರಶ್ನೆ ಕೇಳಿದೊಡನೆ, ಮೊದಲು ಪುಸ್ತಕದಲ್ಲಿದ್ದದ್ದನ್ನು ಕಲಿ ಎಂದು ತಾಯಿತಂದೆ ಹೇಳುತ್ತಾರೆ; ಪಾಠ ಮುಗಿಸುವ ಅವಸರದಲ್ಲಿ ಅಧ್ಯಾಪಕರೂ ಅದನ್ನೇ ಹೇಳುತ್ತಾರೆ. ಬೆರಳ ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆಂದು ತಾಯಿಯೂ ಚಿಕ್ಕಮ್ಮಂದಿರೂ ಗದರಿದಾಗ, ಡೊನಾಲ್ಡ್ ಉಂಗರ್ ಎಂಬ ಅಮೆರಿಕದ ವೈದ್ಯರು 60 ವರ್ಷಕ್ಕೂ ಮಿಕ್ಕಿ ಎಡಗೈಯ ನೆಟಿಕೆ ಮಾತ್ರ ಮುರಿದು, ಬಲಗೈಯನ್ನು ಹೋಲಿಕೆಗೆಂದು ಬಿಟ್ಟರು. ಎರಡು ಕೈಗಳಿಗೂ ಸಂಧಿವಾತ ಬರಲಿಲ್ಲ. 2009ರ ಇಗ್ ನೊಬೆಲ್ ಅವರಿಗೆ.

ಇಂಥ ಪ್ರಶ್ನೆಗಳು ಹುಟ್ಟುವುದು ಆಡುವ ಭಾಷೆಯಲ್ಲಿ. ಮನೆಯಲ್ಲಿ ತುಳುವೋ ಹವ್ಯಕ ಭಾಷೆಯೋ ಕೊಂಕಣಿಯೋ ಇದ್ದರೂ ಶಾಲೆಯಲ್ಲಿ ಕನ್ನಡದಲ್ಲಿ ನಮ್ಮ ಮಕ್ಕಳು ಥಟ್ಟನೆ ಪ್ರಶ್ನೆ ಕೇಳಬಲ್ಲರು. ಸರಿಯಾದ ಇಂಗ್ಲಿಷ್ ವಾಕ್ಯ ಕೂಡಿಸಿಕೊಂಡು ಎದ್ದು ನಿಲ್ಲುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಕನ್ನಡ ಮಾಧ್ಯಮದ ತರಗತಿಗಳಿಂದ ಮಕ್ಕಳನ್ನು ಬಿಡಿಸಿ ಒಯ್ಯುವ ಹೆತ್ತವರು ಅಂಕಗಳ ಲೆಕ್ಕದ ಜತೆ ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ನಮ್ಮ ಜಿಲ್ಲೆಯ ನೀಲೇಶ್ವರದಲ್ಲೇ 1932ರಲ್ಲಿ ಜೆ.ಎಸ್. ಪಟೇಲ್ ಅವರು ಎತ್ತರದ ತಳಿಯ ಮತ್ತು ಗಿಡ್ಡ ತಳಿಯ ತೆಂಗುಗಳನ್ನು ಕೂಡಿಸಿ ಜಗತ್ತಿನ ಮೊದಲ ಸಂಕರ ತೆಂಗನ್ನು ಪಡೆದರು. ಆ ಕೆಲಸಕ್ಕೆ ಮರವೇರಿ ಹೊಂಬಾಳೆಯ ಗಂಡುಹೂಗಳನ್ನು ಕಿತ್ತು ಚೀಲ ಕಟ್ಟಬೇಕು. ದಾರಿಹೋಕರು ಏನೆಂದುಕೊಂಡರೋ!

ಉಪಜಿಲ್ಲಾ ವಿಜ್ಞಾನ ಮೇಳಗಳಲ್ಲಿ ವರ್ಷವೂ ಅದೇ ಜ್ವಾಲಾಮುಖಿ, ಅದೇ ಗಾಳಿಯಂತ್ರ, ಅದೇ ಮಳೆಕೊಯ್ಲಿನ ಮಾದರಿ. ಹೆಚ್ಚಿನವನ್ನು ತಯಾರಿಸಿದವರು ಮನೆಯ ಹಿರಿಯರೆಂಬುದು ತೀರ್ಪುಗಾರರಿಗೂ ಗೊತ್ತು. ಅಲ್ಲಿ ಒಂದು ಮೇಜನ್ನು ಮಕ್ಕಳ ಸ್ವಂತ ಪ್ರಶ್ನೆಗೆ ಬಿಟ್ಟುಕೊಡಬೇಕೆಂದು ಸಂಘಟಕರಲ್ಲಿ ನನ್ನ ಬಿನ್ನಹ. ಅಡಿಕೆ ಮರದ ಸೋಗೆ ಬೀಳುವುದು ಹಗಲು ಹೆಚ್ಚೋ ರಾತ್ರಿ ಹೆಚ್ಚೋ? ಅಜ್ಜನ ಗೊರಕೆ ಮಳೆಗಾಲದಲ್ಲಿ ಜೋರಾಗುತ್ತದೆಯೇ? ಎಣಿಸಿ ಬರೆದು ತರಲಿ. ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಗಡಿಯಾರ, ಮತ್ತು ಅಜ್ಜನ ಒಪ್ಪಿಗೆ.