ತೋಳೋ, ವ್ಯೂಹವೋ?

ತರುಣರನ್ನು ಜೋಡಿ ಕಟ್ಟಿ ತಕ್ಕಡಿಯಲ್ಲಿಟ್ಟು ತೂಗುವ ಚಪಲ ಎಲ್ಲ ನಾಡಿನ ಹಿರಿಯರಿಗೂ ಇದ್ದದ್ದೇ. ಆದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟದಲ್ಲಿ ಈ ಚಪಲ ಬೆಳೆದಿರುವಷ್ಟು ಬೇರೆಲ್ಲಿಯೂ ಬೆಳೆದಿರಲಾರದು. ಅಲ್ಲಿಯ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಿನಾಟವಲ್ಲವೆಂಬುದನ್ನು ವಾಚಕರಿಗೆ ಮೊದಲೇ ತಿಳಿಸಿಬಿಡಬೇಕು. ಚೆಂಡನ್ನು ಹಿಡಿದು ಓಡಿಯೋ ಕೈಯಿಂದ ಎಸೆದೋ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗುವುದು ಅಲ್ಲಿಯ ನಿಯಮ. ಹನ್ನೊಂದು ಮಂದಿಯ ನಡುವೆ ನಿಂತು, ಯಾರಿಗೆ ಎಸೆಯಬೇಕೆಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿಶ್ಚಯಿಸತಕ್ಕವನು ಕ್ವಾರ್ಟರ್‌ಬ್ಯಾಕ್. ಇಪ್ಪತ್ತೆರಡರ ಹುಡುಗನೊಬ್ಬ ಕಾಲೇಜಿನಿಂದ ಬಂದು ಈ ಸ್ಥಾನದಲ್ಲಿ ನಿಂತನೋ ಇಲ್ಲವೋ, 'ಇವನು ಮೇಲೋ ಅವನು ಮೇಲೋ' ಎಂಬ ವಾದ ಮೊದಲಾಗುತ್ತದೆ. ಹ್ಯೂಸ್ಟನ್ನಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನ ದೆಸೆಯಿಂದ ಈ ಆಟದ ಹುಚ್ಚು ನನಗೂ ಹಿಡಿದಿದೆ. ಕನ್ನಡದ ಮೇಷ್ಟರಿಗೆ ಇದೇತಕ್ಕೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ವಾದವನ್ನು ಕುರಿತು ಒಂದು ಮಾತಿದೆ. ಹುಡುಗನನ್ನು ಅವನಿಗೆ ದೊರೆತ ವ್ಯೂಹದಿಂದ ಬಿಡಿಸಿ ತೂಗುವುದು ಅನ್ಯಾಯ. ವ್ಯೂಹವನ್ನೇ ನೆಪಮಾಡಿ ಅವನ ಗುಣವನ್ನು ಅಳಿಸುವುದೂ ಅಷ್ಟೇ ಅನ್ಯಾಯ.

೨೦೨೩ರ ಆಯ್ಕೆಯಲ್ಲಿ ಮೊದಲನೆಯವನಾಗಿ ಬ್ರೈಸ್ ಯಂಗ್ ಕ್ಯಾರೊಲೈನಾ ತಂಡಕ್ಕೂ, ಎರಡನೆಯವನಾಗಿ ಸಿ. ಜೆ. ಸ್ಟ್ರೌಡ್ ಹ್ಯೂಸ್ಟನ್ ತಂಡಕ್ಕೂ ಹೋದರು. ಮೊದಲನೆಯ ಸರದಿಯನ್ನು ಪಡೆಯಲು ಕ್ಯಾರೊಲೈನಾದವರು ತಮ್ಮ ಮುಂದಿನ ಸರದಿಗಳನ್ನು ಒಪ್ಪಿಸಿದ್ದಲ್ಲದೆ, ಡಿ. ಜೆ. ಮೂರ್ ಎಂಬ ನುರಿತ ಆಟಗಾರನನ್ನೂ ಷಿಕಾಗೋಕ್ಕೆ ಕೊಟ್ಟರು. ಹುಡುಗನನ್ನು ತರುವುದಕ್ಕಾಗಿ ಹುಡುಗನ ಎಸೆತವನ್ನು ಹಿಡಿಯಬೇಕಾದವನನ್ನೇ ತೆತ್ತಂತಾಯಿತು! ಬಂದ ಮೇಲಾದರೂ ನೆಮ್ಮದಿಯಿತ್ತೆ? ಈ ಆಟದಲ್ಲಿ ತರಬೇತುದಾರನ ಸೂಚನೆ ಕ್ವಾರ್ಟರ್‌ಬ್ಯಾಕಿನ ಶಿರಸ್ತ್ರಾಣದೊಳಗೆ ರೇಡಿಯೋ ಮೂಲಕ ಕೇಳಿಸುತ್ತದೆ. ಆ ಸೂಚನೆ ಕೊಡುವ ಅಧಿಕಾರ ಕ್ಯಾರೊಲೈನಾದಲ್ಲಿ ಒಂದೇ ವರ್ಷದಲ್ಲಿ ಮುಖ್ಯ ತರಬೇತುದಾರ ಫ್ರ್ಯಾಂಕ್ ರೈಖ್‌ನಿಂದ ಸಹಾಯಕನಿಗೆ ಹೋಯಿತು, ಮತ್ತೆ ರೈಖ್‌ಗೆ ಮರಳಿತು, ಹನ್ನೊಂದು ಪಂದ್ಯಗಳ ತರುವಾಯ ರೈಖ್‌ನನ್ನೇ ತೆಗೆದುಹಾಕಿದಾಗ ಪುನಃ ಸಹಾಯಕನ ಪಾಲಾಯಿತು. ಕಿವಿಯಲ್ಲಿ ಕೇಳುವ ದನಿ ಹೀಗೆ ಮೂರು ಬಾರಿ ಬದಲಾದರೆ ಯಾವ ಶಿಷ್ಯ ತಾನೆ ಪಾಠ ಕಲಿತಾನು? ಐದಡಿ ಹತ್ತಂಗುಲದ ಯಂಗ್, ಮುಂದಿನವರ ಬೆನ್ನುಗಳ ಸಂದಿಯಲ್ಲಿ ದಾರಿ ಅರಸುತ್ತಿರುವಾಗಲೇ, ೬೨ ಸಲ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಿದರು. ತಂಡ ಹದಿನೇಳರಲ್ಲಿ ಗೆದ್ದದ್ದು ಎರಡೇ ಪಂದ್ಯ.

ಹ್ಯೂಸ್ಟನ್ನಿನ ಕಥೆ ಬೇರೆ. ಅಲ್ಲಿ ಆಕ್ರಮಣದ ಹೊಣೆ ಹೊತ್ತ ಬಾಬಿ ಸ್ಲೋವಿಕ್ ಸ್ಯಾನ್‌ಫ್ರಾನ್ಸಿಸ್ಕೋದ ಕೈಲ್ ಶ್ಯಾನಹನ್‌ನ ಗರಡಿಯಿಂದ ಬಂದವನು. ಆ ಗರಡಿಯ ಹೂಟ ಸೊಗಸಾದದ್ದು. ಮುಂದಿನ ಸಾಲಿನವರೆಲ್ಲ ಓಟಕ್ಕೆ ದಾರಿ ಮಾಡುವಂತೆ ಒಂದೇ ಮಗ್ಗುಲಿಗೆ ಸರಿಯುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗೆ ಕೊಟ್ಟಂತೆ ನಟಿಸುತ್ತಾನೆ. ಎದುರಾಳಿಗಳು ಅದನ್ನು ನಂಬಿ ಎರಡು ಹೆಜ್ಜೆ ಮುಂದಿಡುತ್ತಾರೆ. ಅವರ ಬೆನ್ನ ಹಿಂದೆ ತೆರವಾದ ಜಾಗಕ್ಕೆ ಚೆಂಡು ಹೋಗಿ ಬೀಳುತ್ತದೆ. ಸ್ಟ್ರೌಡ್ ಮೊದಲ ವರ್ಷದಲ್ಲಿಯೇ ೪,೧೦೮ ಗಜ ಎಸೆದ. ೨೩ ಟಚ್‌ಡೌನ್ ಗಳಿಸಿಕೊಟ್ಟ. ಎದುರಾಳಿಗಳ ಕೈಗೆ ಬಿದ್ದ ಎಸೆತಗಳು ಐದು ಮಾತ್ರ. ಹಿಂದಿನ ವರ್ಷ ಮೂರು ಪಂದ್ಯ ಗೆದ್ದಿದ್ದ ತಂಡ ಹತ್ತು ಗೆದ್ದಿತು. ತೀರ್ಪು ಹೊರಬಿದ್ದುಬಿಟ್ಟಿತು: ಸ್ಟ್ರೌಡ್ ರತ್ನ, ಯಂಗ್ ಗಾಜು.

ಮರುವರ್ಷ ೨೦೨೪ರಲ್ಲಿ ಅದೇ ತೋಳು, ಅದೇ ಸ್ಲೋವಿಕ್. ಆದರೆ ಮುಂದಿನ ಸಾಲು ಸೋತಿತು. ಚೆಂಡು ಹಿಡಿಯುವವರು ಒಬ್ಬೊಬ್ಬರಾಗಿ ಗಾಯಗೊಂಡರು. ೫೨ ಸಲ ನೆಲಕ್ಕುರುಳಿದ ಸ್ಟ್ರೌಡ್‌ನ ಎಸೆತಗಳಲ್ಲಿ ಹನ್ನೆರಡು ಎದುರಾಳಿಗಳ ಪಾಲಾದವು. ೨೦೨೫ರ ಜನವರಿಯಲ್ಲಿ ಸ್ಲೋವಿಕ್ ಕೆಲಸ ಕಳೆದುಕೊಂಡ. ಇತ್ತ ಯಂಗ್‌ನನ್ನು ಹೊಸ ತರಬೇತುದಾರ ಡೇವ್ ಕ್ಯಾನಾಲೆಸ್ ಎರಡೇ ಪಂದ್ಯಗಳ ತರುವಾಯ ಹೊರಗೆ ಕೂರಿಸಿದ. ತಿಂಗಳ ಮೇಲೆ ಮರಳಿ ಬಂದ ಹುಡುಗ, ಮುಂದೆ ನಿಂತು ಕಾಯುವವರು ಗಟ್ಟಿಯಾಗಿದ್ದುದರಿಂದ, ನಿಧಾನವಾಗಿ ತಲೆಯೆತ್ತಿದ. ಕೊನೆಯ ಪಂದ್ಯದಲ್ಲಿ ಅಟ್ಲಾಂಟಾದವರನ್ನು ಅವರ ಅಂಗಳದಲ್ಲಿಯೇ ೪೪–೩೮ರಿಂದ ಸೋಲಿಸಿದ. ರತ್ನದ ಪರೀಕ್ಷಕರು ಆಗ ಏನೂ ಬರೆದಂತೆ ಕಾಣಲಿಲ್ಲ.

ವ್ಯೂಹವೇ ಸರ್ವಸ್ವವೆಂದು ನಾನು ವಾದಿಸುತ್ತಿದ್ದೇನೆಂದು ತಿಳಿಯಬಾರದು. ಹಾಗೆ ವಾದಿಸುವವರು ಬೇರೆ ಇದ್ದಾರೆ. ೨೦೨೨ರ ಆಯ್ಕೆಯಲ್ಲಿ ಕಟ್ಟಕಡೆಯವನಾಗಿ, ೨೬೨ನೆಯವನಾಗಿ ಬಂದ ಬ್ರಾಕ್ ಪರ್ಡಿ ಮರುವರ್ಷವೇ ಸ್ಯಾನ್‌ಫ್ರಾನ್ಸಿಸ್ಕೋವನ್ನು ಅಂತಿಮ ಪಂದ್ಯದವರೆಗೆ ಒಯ್ದಾಗ, 'ಇದು ಶ್ಯಾನಹನ್‌ನ ಪದ್ಧತಿಯ ಫಲ, ಹುಡುಗನದೇನಿಲ್ಲ' ಎಂದರು. ಅದೇ ಶ್ಯಾನಹನ್‌ನ ಕೈಕೆಳಗೆ ೨೦೨೧ರಲ್ಲಿ ಮೂರನೆಯವನಾಗಿ ಬಂದ ಟ್ರೇ ಲ್ಯಾನ್ಸ್ ನೆಲೆಯೂರಲಿಲ್ಲವೆಂಬುದನ್ನು ಇವರು ಮರೆತರು. ಅವನಿಗೆ ಕಾಲು ಮುರಿಯಿತೆಂಬುದನ್ನೂ ನಾವು ಮರೆಯಬಾರದು, ಆ ಮಾತು ಇರಲಿ. ಭಾಮಿನಿ ಷಟ್ಪದಿಯಲ್ಲಿ ಬರೆದವರೆಲ್ಲ ಕುಮಾರವ್ಯಾಸರಾಗಲಿಲ್ಲ. ಹಾಗೆಂದು ಕುಮಾರವ್ಯಾಸನ ಹಿರಿಮೆಯನ್ನು ಷಟ್ಪದಿಯ ಲೆಕ್ಕಕ್ಕೆ ಜಮಾ ಮಾಡುವ ವಿಮರ್ಶಕನನ್ನು ನಾನಂತೂ ಕಂಡಿಲ್ಲ.

ನಿಜಕ್ಕೂ ಈ ಆಟದ ಮೇಲಾದ ಪದ್ಧತಿಗಳು ವ್ಯಕ್ತಿಯನ್ನು ನೋಡಿಯೇ ಹುಟ್ಟಿದವು. ೧೯೭೦ರಲ್ಲಿ ಸಿನ್ಸಿನಾಟಿಯ ಬಿಲ್ ವಾಲ್ಷ್‌ನ ಕೈಗೆ ದೊರೆತ ವರ್ಜಿಲ್ ಕಾರ್ಟರ್‌ನಿಗೆ ದೂರ ಎಸೆಯುವ ತೋಳಿರಲಿಲ್ಲ. ವಾಲ್ಷ್ ಅವನನ್ನು ಹಳಿಯಲಿಲ್ಲ. ಹತ್ತಿರದ, ಅಳತೆಗೆ ಸಿಕ್ಕುವ ಎಸೆತಗಳನ್ನೇ ಪೋಣಿಸಿ ಹೊಸ ಆಟವೊಂದನ್ನು ಕಟ್ಟಿದ. ಮುಂದೆ ಜೋ ಮಾಂಟ್ಯಾನಾನಂಥವನು ಮೆರೆದದ್ದು ಆ ಬಡ ತೋಳಿಗಾಗಿ ಹುಟ್ಟಿದ ಆಟದಲ್ಲಿ. ೨೦೧೯ರಲ್ಲಿ ಬಾಲ್ಟಿಮೋರಿನವರು ಲ್ಯಾಮಾರ್ ಜ್ಯಾಕ್ಸನ್‌ನ ಓಟಕ್ಕೆ ಒಪ್ಪುವಂತೆ ತಮ್ಮ ಆಟವನ್ನೇ ಬದಲಿಸಿಕೊಂಡರು. ಆ ವರ್ಷ ಅತ್ಯುತ್ತಮ ಆಟಗಾರನ ಪ್ರಶಸ್ತಿ ಸರ್ವಾನುಮತದಿಂದ ಅವನದಾಯಿತು. 'ಈತ ಚೆಂಡು ಹಿಡಿಯುವ ಸ್ಥಾನಕ್ಕೆ ಹೋಗಲಿ' ಎಂದು ಹಿಂದಿನ ವರ್ಷ ಬುದ್ಧಿ ಹೇಳಿದ್ದ ಹಿರಿಯರೂ ಇದ್ದರು. ಹಳ್ಳಿಯಿಂದ ಬಂದ ಹುಡುಗನ ಮೊದಲ ವರ್ಷದ ಅಂಕಗಳನ್ನು ನೋಡಿ ಅವನ ಯೋಗ್ಯತೆಯನ್ನು ಬರೆದಿಡುವ ಅಧ್ಯಾಪಕರು ನಮ್ಮಲ್ಲಿಯೂ ಇಲ್ಲವೆ? ಇಬ್ಬರು ತರುಣರನ್ನು ಹೋಲಿಸಲೇಬೇಕೆನ್ನುವವರು, ಒಬ್ಬೊಬ್ಬನಿಗೂ ಎಷ್ಟು ಮಂದಿ ಗುರುಗಳು ಬಂದು ಹೋದರು, ಎಸೆಯುವುದಕ್ಕೆ ಎಷ್ಟು ಸೆಕೆಂಡು ದೊರೆಯಿತು, ಹಿಡಿಯುವವರು ಯಾರಿದ್ದರು ಎಂಬುದನ್ನು ಮೊದಲು ವಿಚಾರಿಸಲಿ.

೨೦೧೬ರಲ್ಲಿ ಮೊದಲನೆಯವನಾಗಿ ಲಾಸ್ ಏಂಜಲೀಸಿಗೆ ಬಂದ ಜ್ಯಾರೆಡ್ ಗಾಫ್ ಆ ವರ್ಷ ಆಡಿದ ಏಳು ಪಂದ್ಯಗಳನ್ನೂ ಸೋತ. ೨೦೧೭ರಲ್ಲಿ ಷಾನ್ ಮೆಕ್‌ವೇ ತರಬೇತುದಾರನಾಗಿ ಬಂದ. ಅಂಕ ಗಳಿಕೆಯಲ್ಲಿ ೩೨ ತಂಡಗಳ ಪೈಕಿ ಕಡೆಯದಾಗಿದ್ದ ತಂಡ ಮೊದಲನೆಯದಾಯಿತು. ಗಾಫ್ ಬರಿಯ ಬೊಂಬೆ, ದಾರ ಮೆಕ್‌ವೇಯ ಕೈಯಲ್ಲಿದೆ ಎಂದರು. ಸೂಚನೆಯ ರೇಡಿಯೋ ಗಡಿಯಾರದಲ್ಲಿ ಹದಿನೈದು ಸೆಕೆಂಡು ಉಳಿದಿರುವಾಗ ತಾನಾಗಿ ನಿಂತುಹೋಗುತ್ತದೆ. ಆಮೇಲಿನದೆಲ್ಲ ಹುಡುಗನ ಕಣ್ಣು, ಹುಡುಗನ ಎದೆ. ಇದನ್ನು ಯಾರೂ ಎಣಿಸಲಿಲ್ಲ. ೨೦೨೧ರಲ್ಲಿ ಅವನನ್ನು ಡೆಟ್ರಾಯಿಟ್‌ಗೆ ಸಾಗಹಾಕಿದರು. ೨೦೨೪ರ ಜನವರಿಯಲ್ಲಿ ಮೆಕ್‌ವೇಯ ತಂಡವೇ ಡೆಟ್ರಾಯಿಟ್‌ಗೆ ಆಡಲು ಬಂದಿತು. ಗಾಫ್‌ನ ತಂಡ ೨೪–೨೩ರಿಂದ ಗೆದ್ದಿತು. ಆ ರಾತ್ರಿ ಕ್ರೀಡಾಂಗಣದ ಜನವೆಲ್ಲ ಅವನ ಹೆಸರನ್ನೇ ಹಿಡಿದು ಕೂಗುತ್ತಿದ್ದರು.