ಅತಿವಾಹಕದ ಅಂಚು: ಒಂದು ಪಾರಿಭಾಷಿಕ ಪ್ರಶ್ನೆ

‘ಟ್ರಾನ್ಸಿಷನ್ ಎಡ್ಜ್ ಸೆನ್ಸರ್’ ಎಂಬ ಕ್ಷ-ಕಿರಣ ಸಂವೇದಕವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸಂಕ್ರಮಣ ಅಂಚಿನ ಸಂವೇದಕ’ ಎಂದು ಪದಕ್ಕೆ ಪದ ಜೋಡಿಸಿದರೆ ಪರಿಭಾಷೆಯೇನೋ ಸಿದ್ಧವಾಗುತ್ತದೆ. ಅರ್ಥ ಹೊರಗೇ ಉಳಿಯುತ್ತದೆ. ರೂಢಿಯ ‘ಅತಿವಾಹಕ’ದ ಪಾಡೂ ಇಷ್ಟೇ. ‘ಅತಿ’ಗೆ ‘ಮೀರಿದ’ ಎಂಬ ಅರ್ಥವಿದ್ದರೂ ಇಂದಿನ ಕಿವಿಗೆ ಅದು ‘ಹೆಚ್ಚು’ ಎಂದೇ ಕೇಳಿಸುತ್ತದೆ. 1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಕಂಡದ್ದಾದರೋ ವಿದ್ಯುತ್ತಿಗೆ ರೋಧವೇ ಇಲ್ಲವಾಗುವ ಬೇರೊಂದು ಸ್ಥಿತಿಯನ್ನು.

ಪ್ರಸ್ತುತ ಸಂವೇದಕವು ಆ ಸ್ಥಿತಿಯ ಒಳಗೂ ಇಲ್ಲ, ಹೊರಗೂ ಇಲ್ಲ. ನಿರಪೇಕ್ಷ ಶೂನ್ಯಕ್ಕಿಂತ ಸುಮಾರು 0.1 ಕೆಲ್ವಿನ್ ಮೇಲೆ, ರೋಧ ಅಳಿಯುವ ಹೊಸ್ತಿಲಲ್ಲಿ ತೆಳುವಾದ ಲೋಹದ ಪದರವನ್ನು ನಿಲ್ಲಿಸಿರುತ್ತಾರೆ. ಒಂದೇ ಒಂದು ಕ್ಷ-ಕಿರಣ ಫೋಟಾನು ಲೇಶಮಾತ್ರ ಬಿಸಿ ತಂದರೂ ರೋಧ ಥಟ್ಟನೆ ಏರುತ್ತದೆ. ಆ ಏರಿಕೆಯೇ ಫೋಟಾನಿನ ಶಕ್ತಿಯ ಅಳತೆ. 2022ರಲ್ಲಿ ಮೈಕ್ರೋ-ಎಕ್ಸ್ ರಾಕೆಟ್ಟು ಇಂಥ ಸಂವೇದಕಗಳಿಂದ ಕ್ಯಾಸಿಯೋಪಿಯ-ಎ ಎಂಬ ನಕ್ಷತ್ರ ಸ್ಫೋಟದ ಅವಶೇಷವನ್ನು ವೀಕ್ಷಿಸಿತು.

ಇದನ್ನು ‘ಹೊಸ್ತಿಲ ಸಂವೇದಕ’ ಎನ್ನಬಹುದೆಂದು ನನ್ನ ಸೂಚನೆ. ‘ಹೊಸ್ತಿಲು’ ಎಂದರೆ ‘ಥ್ರೆಶೋಲ್ಡ್’ ಅಲ್ಲವೇ, ಅದು ಬೇರೆಯ ಪರಿಕಲ್ಪನೆ ಎಂದು ಭೌತವಿಜ್ಞಾನಿಗಳು ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದದ್ದೇ. ಆದರೆ ಈ ಚರ್ಚೆ ಕನ್ನಡ ವಿಭಾಗಗಳಲ್ಲಿಯೂ ನಡೆಯಬೇಕು. ಪದಗಳನ್ನು ಟಂಕಿಸುವ ಹೊಣೆಯನ್ನು ವಿಜ್ಞಾನದವರಿಗೆ ವಹಿಸಿ, ಅನಂತರ ಅವು ಸಂಸ್ಕೃತಭೂಯಿಷ್ಠವಾದವೆಂದು ನಾವು ದೂರುವುದು ಸಾಧುವಲ್ಲ.